ಟ್ರಸ್ಟಿನಿಂದ ಬರುವ ಬಾಡಿಗೆ, ನ್ಯಾಯಾಲಯಕ್ಕೆ ಹೋದ ದಿವಾಳಿ ಅರ್ಜಿ: ರಾಯಚೂರಿನ ಒಂದು ಪ್ರಕರಣ ಅಧ್ಯಯನ

ರಾಯಚೂರಿನ ಕೃಷಿ ಮಾರುಕಟ್ಟೆಯಾದ ಗಂಜ್‌ನಲ್ಲಿ ಒಬ್ಬ ವ್ಯಾಪಾರಿ ‘ಐ.ಪಿ. ಹಾಕಿದ’ (ದಿವಾಳಿ ಅರ್ಜಿ ಸಲ್ಲಿಸಿದ) ಎಂಬ ಸುದ್ದಿ ಹಬ್ಬಿದ ದಿನ, ಅಡತಿ (ಕಮಿಷನ್ ಏಜೆಂಟ್) ಅಂಗಡಿಗಳ ಕಟ್ಟೆಯ ಮೇಲೆ ಕೇಳಿಬರುವ ಮೊದಲ ಪ್ರಶ್ನೆ ಅವನ ಮನೆತನದ ಆಸ್ತಿ ಏನಾಯಿತು ಎಂಬುದೇ. ಸಾಲ ಎಷ್ಟು ಎಂಬುದು ಅಲ್ಲಿ ಕುಳಿತವರಿಗೆಲ್ಲ ಹೆಚ್ಚುಕಡಿಮೆ ಗೊತ್ತಿರುತ್ತದೆ. ಆಸ್ತಿಯೆಲ್ಲ ಟ್ರಸ್ಟಿನ ಹೆಸರಿನಲ್ಲಿದೆ ಎಂಬ ಉತ್ತರ ಬಂದರೆ ಅರ್ಧ ಜನ ‘ಹಾಗಾದರೆ ನಮಗೆ ಬಿಡಿಗಾಸೂ ದಕ್ಕುವುದಿಲ್ಲ’ ಎಂದು ಎದ್ದು ಹೋಗುತ್ತಾರೆ. ಉಳಿದರ್ಧ ಜನ ‘ಟ್ರಸ್ಟ್ ಎನ್ನುವುದು ನೆಪ, ಎಲ್ಲವೂ ಅವನದೇ’ ಎಂದು ಪಟ್ಟು ಹಿಡಿಯುತ್ತಾರೆ. ಇಬ್ಬರ ಲೆಕ್ಕವೂ ತಪ್ಪು. ಟ್ರಸ್ಟಿನಿಂದ ಆದಾಯ ಪಡೆಯುವ ವ್ಯಕ್ತಿ ದಿವಾಳಿ ಅರ್ಜಿ ಹಾಕಿದಾಗ ಆ ಆದಾಯ ಯಾರ ಪಾಲಾಗುತ್ತದೆ ಎಂಬುದನ್ನು ಟ್ರಸ್ಟ್ ಡೀಡಿನ ಒಂದೊಂದು ಕಲಮನ್ನೂ ಬಿಡಿಬಿಡಿಯಾಗಿ ಓದಿದ ಮೇಲಷ್ಟೇ ಹೇಳಲು ಸಾಧ್ಯ. ಅಂಥ ಓದು ಹೇಗಿರುತ್ತದೆ ಎಂಬುದನ್ನು ತೋರಿಸುವುದಕ್ಕಾಗಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

ಇಲ್ಲಿ ಬರುವ ಕುಟುಂಬ ಯಾವುದೋ ಒಂದೇ ಮನೆಯಲ್ಲ. ಒಬ್ಬರ ಗುಟ್ಟು ಬೀದಿಗೆ ಬೀಳಬಾರದೆಂದು, ಈ ಭಾಗದ ವ್ಯಾಪಾರಿ ಮನೆಗಳಲ್ಲಿ ಎದುರಾಗುವ ಸಂಗತಿಗಳನ್ನು ಒಂದು ಪ್ರಕರಣವಾಗಿ ಜೋಡಿಸಿದ್ದೇನೆ. ಮೊತ್ತಗಳನ್ನು ಲೆಕ್ಕಕ್ಕೆ ಅನುಕೂಲವಾಗುವಂತೆ ದುಂಡಾಗಿಸಿದ್ದೇನೆ. ಕಾನೂನಿನ ಕಲಮುಗಳು ಮಾತ್ರ ಇದ್ದದ್ದು ಇದ್ದಂತೆಯೇ ಇವೆ.

ಅರ್ಜಿದಾರರಿಗೆ 51 ವರ್ಷ. ನಗರದ ಹೊರವಲಯದಲ್ಲಿ ಸ್ವಂತ ಹೆಸರಿನಲ್ಲಿ ಹತ್ತಿಯಿಂದ ಬೀಜ ಬೇರ್ಪಡಿಸುವ ಒಂದು ಜಿನ್ನಿಂಗ್ ಮಿಲ್ ನಡೆಸುತ್ತಿದ್ದರು. ಕಂಪನಿಯೂ ಇರಲಿಲ್ಲ, ಪಾಲುದಾರಿಕೆಯೂ ಇರಲಿಲ್ಲ. 2022ರ ಆರಂಭದಲ್ಲಿ ಹತ್ತಿಯ ದರ ಕಂಡು ಕೇಳರಿಯದಷ್ಟು ಏರಿದಾಗ, ಇನ್ನೂ ಏರುತ್ತದೆ ಎಂದು ನಂಬಿದ ಅನೇಕರಂತೆ ಇವರೂ ಕ್ವಿಂಟಲಿಗೆ 12,000 ರೂಪಾಯಿ ಆಸುಪಾಸಿನಲ್ಲಿ ಖರೀದಿಸಿ ದಾಸ್ತಾನು ಮಾಡಿದರು. ಕೇಂದ್ರ ಸರ್ಕಾರ 2022ರ ಏಪ್ರಿಲ್ 14ರಿಂದ ಹತ್ತಿಯ ಮೇಲಿನ ಶೇಕಡಾ 11ರ ಆಮದು ಸುಂಕವನ್ನು ತೆಗೆದುಹಾಕಿತು. ವರ್ಷದ ನಡುವಿನಿಂದ ಹೊರದೇಶದ ಮಾರುಕಟ್ಟೆಯಲ್ಲೂ ದರ ಕುಸಿಯಿತು. 2022-23ರ ಹಂಗಾಮಿಗೆ ಉದ್ದ ಎಳೆಯ ಹತ್ತಿಗೆ ಘೋಷಣೆಯಾದ ಬೆಂಬಲ ಬೆಲೆ 6,380 ರೂಪಾಯಿ ಎಂಬುದನ್ನು ನೆನೆದರೆ, 12,000ಕ್ಕೆ ಕೊಂಡ ಸರಕನ್ನು ಗೋದಾಮಿನಲ್ಲಿ ಇಟ್ಟುಕೊಂಡವನ ಸ್ಥಿತಿ ಅರ್ಥವಾದೀತು. ಬಡ್ಡಿ ತೀರಿಸಲು ಕೈಗಡ ತಂದರು, ಕೈಗಡ ತೀರಿಸಲು ಅಡತಿ ಅಂಗಡಿಗಳ ಬಾಕಿ ಉಳಿಸಿಕೊಂಡರು. 2023ರ ಬೇಸಿಗೆಯಲ್ಲಿ ಮಿಲ್ ನಿಂತಿತು. ಬ್ಯಾಂಕ್, ಅಡಮಾನದ ಆಸ್ತಿಯನ್ನು ತಾನೇ ವಶಪಡಿಸಿಕೊಳ್ಳಲು ಅವಕಾಶ ಕೊಡುವ 2002ರ ಸರ್ಫೇಸಿ ಕಾಯ್ದೆಯಡಿ 60 ದಿನಗಳ ನೋಟಿಸು ಕೊಟ್ಟು, ಮಿಲ್ಲನ್ನು ವಶಕ್ಕೆ ತೆಗೆದುಕೊಂಡು ಹರಾಜು ಹಾಕಿತು.

ಹರಾಜಿನಿಂದ 1 ಕೋಟಿ 12 ಲಕ್ಷ ರೂಪಾಯಿ ಬಂತು. ಬ್ಯಾಂಕಿಗೆ ಬರಬೇಕಿದ್ದದ್ದು 1 ಕೋಟಿ 60 ಲಕ್ಷ. ಉಳಿದ 48 ಲಕ್ಷಕ್ಕೆ ಬ್ಯಾಂಕ್ ಇನ್ನು ಯಾವ ಅಡಮಾನವೂ ಇಲ್ಲದ ಸಾಮಾನ್ಯ ಸಾಲದಾತ. ಇದರ ಜೊತೆಗೆ ಅಡತಿ ಅಂಗಡಿಗಳ ಬಾಕಿ 58 ಲಕ್ಷ, ಕೈಗಡ 44 ಲಕ್ಷ, ಮಿಲ್ ಕಾರ್ಮಿಕರ ಕೂಲಿ 2 ಲಕ್ಷ. ಒಟ್ಟು 1 ಕೋಟಿ 52 ಲಕ್ಷ. ಸ್ವಂತ ಹೆಸರಿನಲ್ಲಿ ಉಳಿದಿದ್ದ ಆಸ್ತಿ ಸುಮಾರು 18 ಲಕ್ಷ ಬೆಲೆಯ ಒಂದು ನಿವೇಶನ ಮಾತ್ರ. ವಾಸವಿದ್ದ ಮನೆ ತಾಯಿಯವರದು.

ಇಷ್ಟೇ ಆಗಿದ್ದರೆ ಇದು ಮಾರುಕಟ್ಟೆ ಮುಗ್ಗರಿಸಿದಾಗ ಮುಗ್ಗರಿಸಿದ ಇನ್ನೊಂದು ವ್ಯಾಪಾರದ ವಿಷಯವಾಗಿ ಮುಗಿಯುತ್ತಿತ್ತು. ಆದರೆ ಇವರಿಗೆ ಮೂರು ತಿಂಗಳಿಗೊಮ್ಮೆ ತಂದೆಯವರು ಮಾಡಿಟ್ಟ ಟ್ರಸ್ಟಿನಿಂದ ಹಣ ಬರುತ್ತಿತ್ತು.

ತಂದೆಯವರು 1996ರಲ್ಲಿ ತಮ್ಮ ಸ್ವಯಾರ್ಜಿತ ಆಸ್ತಿಯಾದ ಐದು ಗೋದಾಮುಗಳನ್ನೂ ಸ್ಟೇಷನ್ ರಸ್ತೆಯ ಒಂದು ವಾಣಿಜ್ಯ ಕಟ್ಟಡವನ್ನೂ ನೋಂದಾಯಿತ ಪತ್ರದ ಮೂಲಕ ಕುಟುಂಬದ ಟ್ರಸ್ಟಿಗೆ ವಹಿಸಿದ್ದರು. ಸ್ವಯಾರ್ಜಿತ ಎಂಬುದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಅದು ಪಿತ್ರಾರ್ಜಿತವಾಗಿದ್ದರೆ ಟ್ರಸ್ಟ್ ಮಾಡುವ ಅಧಿಕಾರವೇ ಬೇರೆ ವಿವಾದವಾಗುತ್ತಿತ್ತು. ನೋಂದಣಿಯೂ ಮುಖ್ಯ: 1882ರ ಭಾರತೀಯ ಟ್ರಸ್ಟ್‌ಗಳ ಕಾಯ್ದೆಯ 5ನೇ ಕಲಮಿನಂತೆ ಸ್ಥಿರಾಸ್ತಿಯ ಟ್ರಸ್ಟ್ ನೋಂದಾಯಿತ ಪತ್ರದಿಂದ ಇಲ್ಲವೇ ಉಯಿಲಿನಿಂದ ಆಗಿರಬೇಕು. ಹಿರಿಯ ಮಗ, ಮಗಳ ಗಂಡ ಮತ್ತು ಒಬ್ಬ ಲೆಕ್ಕಪರಿಶೋಧಕರು ಟ್ರಸ್ಟಿಗಳು. ವರ್ಷದ ಬಾಡಿಗೆ 42 ಲಕ್ಷ. ಆಸ್ತಿ ತೆರಿಗೆ, ದುರಸ್ತಿ, ವಿಮೆಗೆ 4 ಲಕ್ಷ 40 ಸಾವಿರ. ತಾಯಿಯ ಜೀವನಾಂಶಕ್ಕೆ ತಿಂಗಳಿಗೆ 30,000ದಂತೆ 3 ಲಕ್ಷ 60 ಸಾವಿರ. ಉಳಿದ 34 ಲಕ್ಷವನ್ನು ನಾಲ್ಕು ಸಮಪಾಲು ಮಾಡಿ, ಮೂರು ಪಾಲನ್ನು ಇಬ್ಬರು ಗಂಡುಮಕ್ಕಳಿಗೂ ಒಬ್ಬ ಮಗಳಿಗೂ ತಲಾ ಒಂದರಂತೆ ಕೊಡಬೇಕು. ನಾಲ್ಕನೆಯ ಪಾಲನ್ನು ‘ಶಿಕ್ಷಣ ಮತ್ತು ವೈದ್ಯಕೀಯ ನಿಧಿ’ಯಾಗಿ ಇಟ್ಟು, ವಂಶಸ್ಥರಲ್ಲಿ ಯಾರಿಗೆ, ಯಾವಾಗ, ಎಷ್ಟು ಎಂಬುದನ್ನು ಟ್ರಸ್ಟಿಗಳು ತಮ್ಮ ವಿವೇಚನೆಯಂತೆ ನಿರ್ಧರಿಸಬೇಕು. ಮೂಲ ಆಸ್ತಿ ಮಾತ್ರ ಮಕ್ಕಳ ಕಾಲಾನಂತರ ಮೊಮ್ಮಕ್ಕಳಿಗೆ ಹೋಗತಕ್ಕದ್ದು.

ಹೀಗೆ ಅರ್ಜಿದಾರರ ಪಾಲಿಗೆ ವರ್ಷಕ್ಕೆ 8 ಲಕ್ಷ 50 ಸಾವಿರ, ಅಂದರೆ ಮೂರು ತಿಂಗಳಿಗೊಮ್ಮೆ 2 ಲಕ್ಷ 12 ಸಾವಿರದ 500 ರೂಪಾಯಿ ಬರುತ್ತಿತ್ತು. ಡೀಡಿನ ಕೊನೆಯ ಪುಟದಲ್ಲಿ ಇನ್ನೊಂದು ಕಲಮಿತ್ತು: ಯಾವುದೇ ಫಲಾನುಭವಿ ದಿವಾಳಿಯಾದರೆ ಅಥವಾ ತನ್ನ ಪಾಲನ್ನು ಪರಭಾರೆ ಮಾಡಲು ಹೊರಟರೆ ಆ ಕ್ಷಣದಿಂದ ಅವನ ಪಾಲು ನಿಂತುಹೋಗುತ್ತದೆ, ಅದು ಉಳಿದವರಿಗೆ ಸೇರುತ್ತದೆ. ಇಡೀ ಮನೆ ಕಣ್ಣಿಟ್ಟಿದ್ದು ಈ ಕಲಮಿನ ಮೇಲೆ.

2024ರ ಆರಂಭದಲ್ಲಿ ಒಂದು ಅಡತಿ ಅಂಗಡಿಯವರು 11 ಲಕ್ಷಕ್ಕೆ ಡಿಕ್ರಿ ಪಡೆದು, ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 46-ಎ ನಿಯಮದಂತೆ, ಟ್ರಸ್ಟಿಗಳು ಅರ್ಜಿದಾರರಿಗೆ ಕೊಡಬೇಕಾದ ಹಣವನ್ನು ನೇರವಾಗಿ ನ್ಯಾಯಾಲಯಕ್ಕೆ ಕಟ್ಟಬೇಕೆಂದು ಕೇಳಿದರು. ಜೊತೆಗೆ ಬಂಧನದ ಅರ್ಜಿಯನ್ನೂ ಹಾಕಿದರು. ಮನೆಯಲ್ಲಿ ಗಾಬರಿ ಹುಟ್ಟಿದ್ದು ಈ ಎರಡನೆಯದರಿಂದ. ಸಾಲ ತೀರಿಸಲು ಶಕ್ತಿಯೇ ಇಲ್ಲದ, ಅಪ್ರಾಮಾಣಿಕತೆಯೂ ಇಲ್ಲದ ಮನುಷ್ಯನನ್ನು ಸಿವಿಲ್ ಸಾಲಕ್ಕಾಗಿ ಜೈಲಿಗೆ ಹಾಕಲಾಗದು ಎಂದು ಸುಪ್ರೀಂ ಕೋರ್ಟು 1980ರಲ್ಲಿ, ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಹೇಳಿರುವುದು ನಿಜ. ಆದರೆ ಅದೇ ತರ್ಕದ ಇನ್ನೊಂದು ಮುಖವನ್ನು ಈ ಕುಟುಂಬ ನೋಡಿರಲಿಲ್ಲ: ಡಿಕ್ರಿಯಾದ ಮೇಲೆ ಕೈಗೆ ಹಣ ಬರುತ್ತಿದ್ದು, ಅದನ್ನು ಕೊಡದೆ ಇಟ್ಟುಕೊಂಡವನಿಗೆ ಆ ರಕ್ಷಣೆ ಸಿಗುವುದಿಲ್ಲ. ತ್ರೈಮಾಸಿಕ 2 ಲಕ್ಷವನ್ನು ತೆಗೆದುಕೊಂಡು ‘ನನ್ನ ಬಳಿ ಏನೂ ಇಲ್ಲ’ ಎಂದು ಪ್ರಮಾಣಪತ್ರ ಸಲ್ಲಿಸುವ ಮನುಷ್ಯನನ್ನು ಯಾವ ನ್ಯಾಯಾಧೀಶರು ತಾನೆ ನಂಬಿಯಾರು?

ಮನೆಯವರೆಲ್ಲ ಕೂತು ಮಾತಾಡಿದ ಸಂಜೆ ಮೂರು ಸಲಹೆಗಳು ಬಂದವು. ಮೂರನ್ನೂ ಇಲ್ಲಿ ದಾಖಲಿಸುತ್ತೇನೆ, ಏಕೆಂದರೆ ಕುಟುಂಬದ ಪ್ರೀತಿಯಿಂದಲೇ ಹುಟ್ಟುವ ಇಂಥ ಸಲಹೆಗಳು ಸಾಲಕ್ಕಿಂತ ಹೆಚ್ಚಿನ ಹಾನಿ ಮಾಡಬಲ್ಲವು.

ಮೊದಲನೆಯದು ಅಣ್ಣನವರದು. ‘ತಮ್ಮಾ, ಅರ್ಜಿ ಹಾಕೋಕಿಂತ ಮೊದಲ ನಿನ್ನ ಪಾಲು ತಂಗೀ ಹೆಸರಿಗೆ ಬರದುಕೊಟ್ಟುಬಿಡು, ಮನೆಯಾಗೇ ಉಳಿತೈತಿ’ ಎಂದರು; ತಂಗಿ ಎಂದರೆ ತಮ್ಮನ ಹೆಂಡತಿ. ಫಲಾನುಭವಿ ತನ್ನ ಹಿತಾಸಕ್ತಿಯನ್ನು ವರ್ಗಾಯಿಸಬಹುದು ಎಂದು ಟ್ರಸ್ಟ್‌ಗಳ ಕಾಯ್ದೆಯ 58ನೇ ಕಲಮು ಹೇಳುವುದರಿಂದ ಇದು ಕಾಗದದ ಮೇಲೆ ಸಾಧ್ಯವೇ. ಆದರೆ 1920ರ ಪ್ರಾಂತೀಯ ದಿವಾಳಿತನ ಕಾಯ್ದೆಯ 53ನೇ ಕಲಮಿನಂತೆ, ಸದ್ಭಾವನೆಯಿಂದ ಬೆಲೆ ಪಡೆಯದೆ ಮಾಡಿದ ವರ್ಗಾವಣೆಯ ನಂತರ ಎರಡು ವರ್ಷದೊಳಗೆ ಸಲ್ಲಿಕೆಯಾದ ಅರ್ಜಿಯ ಮೇಲೆ ದಿವಾಳಿಯೆಂದು ಘೋಷಣೆಯಾದರೆ, ರಿಸೀವರ್ (ದಿವಾಳಿಯಾದವನ ಆಸ್ತಿ ನೋಡಿಕೊಳ್ಳಲು ನ್ಯಾಯಾಲಯ ನೇಮಿಸಿದವರು) ಕೋರಿದಾಗ ನ್ಯಾಯಾಲಯ ಅದನ್ನು ರದ್ದು ಮಾಡಬಹುದು. ಸಾಲ ಕೊಟ್ಟವರನ್ನು ವಂಚಿಸುವ ಉದ್ದೇಶದ ವರ್ಗಾವಣೆ 6ನೇ ಕಲಮಿನಡಿ ತಾನೇ ಒಂದು ದಿವಾಳಿ ಕೃತ್ಯ, ಅಂದರೆ ದಿವಾಳಿ ಅರ್ಜಿಗೆ ಆಧಾರವಾಗುವ ನಡೆ. ಆಸ್ತಿ ಮುಚ್ಚಿಟ್ಟರೆ 69ನೇ ಕಲಮಿನಂತೆ ಒಂದು ವರ್ಷದವರೆಗೆ ಸೆರೆವಾಸವೂ ಉಂಟು. ಉಳಿಯುವುದು ಏನೂ ಇಲ್ಲ, ಹೋಗುವುದು ಅರ್ಜಿದಾರರ ಮೇಲಿನ ನಂಬಿಕೆ.

ಎರಡನೆಯ ಸಲಹೆ ಅಮೆರಿಕದಲ್ಲಿ ಉದ್ಯೋಗದಲ್ಲಿರುವ ಅಣ್ಣನ ಮಗನಿಂದ ಫೋನಿನಲ್ಲಿ ಬಂತು: ಟ್ರಸ್ಟಿನಲ್ಲಿರುವ ಪಾಲನ್ನು ದಿವಾಳಿ ಪ್ರಕರಣದಲ್ಲಿ ಯಾರೂ ಮುಟ್ಟುವ ಹಾಗಿಲ್ಲ, ಚಿಕ್ಕಪ್ಪ ಹೆದರಬೇಕಾಗಿಲ್ಲ ಎಂದು. ಅಲ್ಲಿನ ಮಟ್ಟಿಗೆ ಅವನ ಮಾತಿನಲ್ಲಿ ಹುರುಳಿದೆ. ಅಮೆರಿಕದ ದಿವಾಳಿ ಸಂಹಿತೆಯ 541(ಸಿ)(2)ನೇ ಕಲಮಿನಂತೆ, ಫಲಾನುಭವಿಯ ಪಾಲನ್ನು ಪರಭಾರೆ ಮಾಡಬಾರದೆಂಬ ಟ್ರಸ್ಟಿನ ನಿರ್ಬಂಧವು ಸಂಬಂಧಪಟ್ಟ ರಾಜ್ಯದ ಕಾನೂನಿನಲ್ಲಿ ಊರ್ಜಿತವಾಗಿದ್ದರೆ ದಿವಾಳಿ ಪ್ರಕರಣದಲ್ಲೂ ಊರ್ಜಿತವಾಗುತ್ತದೆ. ನಮ್ಮಲ್ಲಿ ಹಾಗಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 12ನೇ ಕಲಮು ನೇರವಾಗಿಯೇ ಹೇಳುತ್ತದೆ: ಒಬ್ಬನಿಗೆ ಕೊಟ್ಟ ಹಿತಾಸಕ್ತಿಯು ಅವನು ದಿವಾಳಿಯಾದಾಗ, ಅಥವಾ ಅದನ್ನು ಪರಭಾರೆ ಮಾಡಲು ಯತ್ನಿಸಿದಾಗ, ಕೊನೆಗೊಳ್ಳತಕ್ಕದ್ದು ಎಂಬ ಷರತ್ತಾಗಲಿ ಮಿತಿಯಾಗಲಿ ಶೂನ್ಯ. ಗುತ್ತಿಗೆ ಕೊಟ್ಟವನ ಅನುಕೂಲಕ್ಕಾಗಿ ಗುತ್ತಿಗೆ ಪತ್ರದಲ್ಲಿ ಹಾಕಿದ ಷರತ್ತಿಗೆ ಮಾತ್ರ ವಿನಾಯಿತಿ. ತಂದೆಯವರ ಡೀಡಿನ ಕೊನೆಯ ಪುಟದ ಆ ಕಲಮು, ಮನೆಯವರು 28 ವರ್ಷ ಕೋಟೆಗೋಡೆ ಎಂದುಕೊಂಡಿದ್ದದ್ದು, ಬರೆದ ದಿನದಿಂದಲೇ ಕಾನೂನಿನ ಕಣ್ಣಿಗೆ ಇರಲಿಲ್ಲ. ಹೊರದೇಶದ ನಮೂನೆಗಳನ್ನು ನೋಡಿ ಬರೆದ ಡೀಡುಗಳಲ್ಲಿ ಇಂಥ ಕಲಮು ಹಾಗೆಯೇ ಬಂದು ಕೂರುತ್ತದೆ. ಅದನ್ನು ನಂಬಿ ಒಂದು ಕುಟುಂಬ ಬದುಕು ಕಟ್ಟಿಕೊಳ್ಳುತ್ತದೆ ಎಂಬುದು ನನಗೆ ನಿಜಕ್ಕೂ ಸಂಕಟದ ವಿಷಯ.

ಮೂರನೆಯ ಸಲಹೆ ಭಾವನವರದು, ಮೂರರಲ್ಲಿ ಅತ್ಯಂತ ಸರಳ ಮತ್ತು ಅತ್ಯಂತ ಅಪಾಯಕಾರಿ: ಅರ್ಜಿಯಲ್ಲಿ ಟ್ರಸ್ಟಿನ ಸುದ್ದಿಯನ್ನೇ ಎತ್ತದಿರುವುದು. ಪ್ರಾಂತೀಯ ದಿವಾಳಿತನ ಕಾಯ್ದೆಯ 13ನೇ ಕಲಮು ಸಾಲಗಾರನು ತನ್ನ ಸಮಸ್ತ ಆಸ್ತಿಯ ವಿವರ ಕೊಟ್ಟು, ಅದನ್ನು ನ್ಯಾಯಾಲಯದ ವಶಕ್ಕೆ ಒಪ್ಪಿಸಲು ಸಿದ್ಧನಿದ್ದೇನೆಂದು ಬರೆಯಬೇಕೆನ್ನುತ್ತದೆ; 22ನೇ ಕಲಮು ಲೆಕ್ಕದ ಪುಸ್ತಕಗಳನ್ನೆಲ್ಲ ಹಾಜರುಪಡಿಸಬೇಕೆನ್ನುತ್ತದೆ. ಅದಿರಲಿ, ಮುಚ್ಚಿಡುವುದಾದರೂ ಹೇಗೆ? ಈ 8 ಲಕ್ಷ 50 ಸಾವಿರ ವರ್ಷವರ್ಷವೂ ಅವರ ಆದಾಯ ತೆರಿಗೆ ರಿಟರ್ನಿನಲ್ಲಿ ದಾಖಲಾಗಿತ್ತು. 2019ರಲ್ಲಿ ಬ್ಯಾಂಕಿಗೆ ಕೊಟ್ಟ ಸಾಲದ ಅರ್ಜಿಯಲ್ಲಿ ಅದನ್ನೇ ‘ಇತರ ಖಚಿತ ಆದಾಯ’ ಎಂದು ತೋರಿಸಿ ಹೆಚ್ಚಿನ ಮಿತಿ ಪಡೆದಿದ್ದರು. ಸಾಲ ಕೇಳುವಾಗ ತೋರಿಸಿದ ಹಣವನ್ನು ಸಾಲ ತೀರಿಸುವಾಗ ಬಚ್ಚಿಡಲು ಬರುವುದಿಲ್ಲ.

ಇಲ್ಲಿ ಅನೇಕರು ಕೇಳುವ ಒಂದು ಪ್ರಶ್ನೆಗೆ ಉತ್ತರಿಸಿ ಮುಂದೆ ಹೋಗುತ್ತೇನೆ. 2016ರ ದಿವಾಳಿ ಸಂಹಿತೆ ಬಂದ ಮೇಲೂ 1920ರ ಕಾಯ್ದೆಯೇಕೆ? ಹೊಸ ಸಂಹಿತೆಯ ಮೂರನೇ ಭಾಗ, ಅಂದರೆ ವ್ಯಕ್ತಿಗಳ ದಿವಾಳಿತನಕ್ಕೆ ಸಂಬಂಧಿಸಿದ ಭಾಗವನ್ನು, ಕಂಪನಿಗಳ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರ ಮಟ್ಟಿಗೆ ಮಾತ್ರ 2019ರ ಡಿಸೆಂಬರ್ 1ರಿಂದ ಜಾರಿಗೆ ತಂದರು. ಇವರ ಮಿಲ್ ಖಾಸಗಿ ಕಂಪನಿಯಾಗಿದ್ದು, ಇವರು ಜಾಮೀನುದಾರರಾಗಿದ್ದರೆ ಪ್ರಕರಣ ಬೆಂಗಳೂರಿನ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯವರೆಗೆ ಹೋಗಬಹುದಿತ್ತು. ಸ್ವಂತ ಹೆಸರಿನ ವ್ಯಾಪಾರವಾದ್ದರಿಂದ ಹಳೆಯ ಕಾಯ್ದೆಯೇ ಗತಿ, ಜಿಲ್ಲೆಯ ನ್ಯಾಯಾಲಯವೇ ಜಾಗ. ಐನೂರು ರೂಪಾಯಿ ಸಾಲವಿದ್ದರೂ ಅರ್ಜಿ ಹಾಕಬಹುದು ಎನ್ನುವ 10ನೇ ಕಲಮನ್ನು ಓದಿದಾಗ ಅದರ ವಯಸ್ಸು ಗೊತ್ತಾಗುತ್ತದೆ.

2024ರ ಜುಲೈನಲ್ಲಿ ಅರ್ಜಿ ಸಲ್ಲಿಕೆಯಾಯಿತು. ಟ್ರಸ್ಟ್ ಡೀಡಿನ ನಕಲು, ಐದು ವರ್ಷಗಳ ಟ್ರಸ್ಟ್ ಲೆಕ್ಕಪತ್ರ, ಅವರ ಖಾತೆಗೆ ಬಂದ ಪ್ರತಿಯೊಂದು ಕಂತಿನ ದಿನಾಂಕ, ಎಲ್ಲವನ್ನೂ ಅರ್ಜಿಗೆ ಲಗತ್ತಿಸಲಾಯಿತು. ಲೆಕ್ಕಪತ್ರ ಕೇಳುವುದಕ್ಕೂ ಡೀಡನ್ನು ನೋಡುವುದಕ್ಕೂ ಫಲಾನುಭವಿಗೆ ಟ್ರಸ್ಟ್‌ಗಳ ಕಾಯ್ದೆಯ 19 ಮತ್ತು 57ನೇ ಕಲಮುಗಳಡಿ ಹಕ್ಕಿದೆ; ಅಣ್ಣನವರನ್ನು ಕೇಳಲು ಸಂಕೋಚಪಡುತ್ತಿದ್ದವರಿಗೆ ಈ ಮಾತು ಧೈರ್ಯ ಕೊಟ್ಟಿತು. ಆದಾಯವಿದ್ದೂ ದಿವಾಳಿ ಹೇಗೆ ಎಂಬ ಆಕ್ಷೇಪಣೆಗೆ ಉತ್ತರ ಲೆಕ್ಕದಲ್ಲೇ ಇತ್ತು. ಪೂರಾ 8 ಲಕ್ಷ 50 ಸಾವಿರವನ್ನು ಊಟಕ್ಕೂ ಇಟ್ಟುಕೊಳ್ಳದೆ ಕಟ್ಟಿದರೂ, ಬಡ್ಡಿ ಬಿಟ್ಟು ಅಸಲು ತೀರಲು ಹದಿನೆಂಟು ವರ್ಷ ಬೇಕು. ಸಾಲಗಾರನೇ ಅರ್ಜಿದಾರನಾದಾಗ ತೀರಿಸಲಾಗದ ಸ್ಥಿತಿಗೆ ಮೇಲ್ನೋಟದ ಆಧಾರವಿದ್ದರೆ ಸಾಕು ಎಂದು ದಿವಾಳಿತನ ಕಾಯ್ದೆಯ 24ನೇ ಕಲಮು ಹೇಳುತ್ತದೆ.

ದಿವಾಳಿ ಘೋಷಣೆಯಾದೊಡನೆ 28ನೇ ಕಲಮಿನಂತೆ ಸಾಲಗಾರನ ಆಸ್ತಿ ರಿಸೀವರ್ ವಶವಾಗುತ್ತದೆ, ಮತ್ತು ಆ ಆದೇಶ ಅರ್ಜಿ ಸಲ್ಲಿಸಿದ ದಿನದಿಂದಲೇ ಅನ್ವಯವಾಗುತ್ತದೆ. ‘ಆಸ್ತಿ’ ಎಂಬುದಕ್ಕೆ ಕಾಯ್ದೆ ಕೊಡುವ ವಿಸ್ತಾರ ದೊಡ್ಡದು: ಯಾವುದರ ಮೇಲೆ, ಅಥವಾ ಯಾವುದರ ಲಾಭದ ಮೇಲೆ, ಒಬ್ಬನು ತನ್ನ ಸ್ವಂತ ಪ್ರಯೋಜನಕ್ಕಾಗಿ ಚಲಾಯಿಸಬಹುದಾದ ವಿಲೇವಾರಿ ಅಧಿಕಾರ ಹೊಂದಿದ್ದಾನೋ ಅದೂ ಅವನ ಆಸ್ತಿಯೇ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಇನ್ನೂ ಸ್ಪಷ್ಟ; ಅಂಥದ್ದು ಅವನ ಹೆಸರಿನಲ್ಲಿರಲಿ, ಅವನಿಗಾಗಿ ಬೇರೊಬ್ಬರು ಟ್ರಸ್ಟಿನ ರೂಪದಲ್ಲಿ ಹಿಡಿದಿರಲಿ, ಜಪ್ತಿಗೆ ಒಳಪಡುತ್ತದೆ. ಅದೇ 60ನೇ ಕಲಮು ಜಪ್ತಿ ಮಾಡಬಾರದ ವಸ್ತುಗಳನ್ನೂ ಪಟ್ಟಿ ಮಾಡುತ್ತದೆ: ಉಡುವ ಬಟ್ಟೆ, ಅಡುಗೆ ಪಾತ್ರೆ, ಕಸುಬುದಾರನ ಉಪಕರಣ, ರೈತನ ನೇಗಿಲು, ಎತ್ತು, ಬಿತ್ತನೆ ಬೀಜ. ಆ ಪಟ್ಟಿಯಲ್ಲೇ ನಮಗೆ ಬೇಕಾದ ಎರಡು ಬಾಬುಗಳಿವೆ. ಒಂದು, ಕೇವಲ ಅನಿಶ್ಚಿತವಾದ ಅಥವಾ ಸಂಭಾವ್ಯವಾದ ಹಕ್ಕು. ಇನ್ನೊಂದು, ಮುಂದೆ ಬರಬೇಕಾದ ಜೀವನಾಂಶದ ಹಕ್ಕು. ಅವು ದಿವಾಳಿಯಲ್ಲೂ ರಿಸೀವರಿಗೆ ಸೇರುವುದಿಲ್ಲ.

ಈಗ ಡೀಡನ್ನು ಈ ಅಳತೆಗೋಲಿನಿಂದ ಓದಬೇಕು. ಅರ್ಜಿದಾರರ ನಾಲ್ಕನೇ ಒಂದು ಪಾಲು ಟ್ರಸ್ಟಿಗಳ ಇಷ್ಟಾನಿಷ್ಟಕ್ಕೆ ಬಿಟ್ಟದ್ದಲ್ಲ. ‘ಕೊಡತಕ್ಕದ್ದು’ ಎಂದೇ ಬರೆದಿದೆ. ಬಾಡಿಗೆ ಬಂದ ಮೇಲೆ ಆ ಪಾಲನ್ನು ತಡೆಹಿಡಿಯುವ ಅಧಿಕಾರ ಯಾರಿಗೂ ಇಲ್ಲ. ಡೀಡಿನ ಪೀಠಿಕೆಯಲ್ಲಿ ‘ಮಕ್ಕಳ ಜೀವನ ನಿರ್ವಹಣೆಗಾಗಿ’ ಎಂಬ ಪದಗಳಿರುವುದರಿಂದ ಇದು ಜೀವನಾಂಶ ಎಂದು ವಾದಿಸಬೇಕೆಂಬ ಆಸೆ ಕುಟುಂಬಕ್ಕಿತ್ತು. ನನ್ನ ಅಭಿಪ್ರಾಯದಲ್ಲಿ ಆ ವಾದ ದುರ್ಬಲ. ಜೀವನಾಂಶವೆಂದರೆ ಅಗತ್ಯವನ್ನು ನೋಡಿ ಕಟ್ಟಿದ ಹಕ್ಕು. ಗೋದಾಮಿನ ಬಾಡಿಗೆ ಏರಿದರೆ ಏರುವ, ಇಳಿದರೆ ಇಳಿಯುವ, ಪಡೆಯುವವನು ಕೋಟ್ಯಧಿಪತಿಯಾದರೂ ಬರುವ ಪಾಲು ಲಾಭಾಂಶವೇ ಹೊರತು ಜೀವನಾಂಶವಲ್ಲ. ತಾಯಿಯವರ ತಿಂಗಳ 30,000 ನಿಜವಾದ ಜೀವನಾಂಶ, ಮತ್ತು ಅದು ಮಗನ ಆಸ್ತಿಯೇ ಅಲ್ಲದ್ದರಿಂದ ಆ ಬಗ್ಗೆ ಯಾರೂ ಸೊಲ್ಲೆತ್ತುವ ಹಾಗಿರಲಿಲ್ಲ. ಅವರಿಗೆ ಇದನ್ನು ಬಿಡಿಸಿ ಹೇಳಿದ ದಿನ ‘ನನ್ನ ಮಾತ್ರೆ ಖರ್ಚು ನಿಲ್ಲಂಗಿಲ್ಲ ಹೌದಲ್ಲ’ ಎಂದು ಎರಡು ಬಾರಿ ಕೇಳಿ ಖಚಿತಪಡಿಸಿಕೊಂಡರು.

ಶಿಕ್ಷಣ ಮತ್ತು ವೈದ್ಯಕೀಯ ನಿಧಿಯ ಸಂಗತಿ ಬೇರೆ. ಅಲ್ಲಿ ಅರ್ಜಿದಾರರಿಗೆ ಇರುವುದು ಟ್ರಸ್ಟಿಗಳು ತಮ್ಮನ್ನು ಪರಿಗಣಿಸಬಹುದು ಎಂಬ ನಿರೀಕ್ಷೆ ಮಾತ್ರ. ವಿವೇಚನಾಧೀನ ಟ್ರಸ್ಟಿನಲ್ಲಿ ಟ್ರಸ್ಟಿಗಳು ವಿವೇಚನೆ ಚಲಾಯಿಸುವವರೆಗೆ ಫಲಾನುಭವಿಗೆ ಆದಾಯದ ಮೇಲೆ ಹಕ್ಕು ಹುಟ್ಟುವುದಿಲ್ಲ ಎಂಬ ತತ್ವವನ್ನು ಸುಪ್ರೀಂ ಕೋರ್ಟು 2014ರಲ್ಲಿ ಗೊಂಡಲ್ ಸಂಸ್ಥಾನದ ವಿಕ್ರಮಸಿಂಹಜಿಯವರ ಎಸ್ಟೇಟಿಗೆ ಸಂಬಂಧಿಸಿದ ತೆರಿಗೆ ಪ್ರಕರಣದಲ್ಲಿ ಒಪ್ಪಿದೆ. ಆದ್ದರಿಂದ ಈ ನಿಧಿಗೆ ರಿಸೀವರ್ ಕೈಹಾಕಲಾರರು. ಆದರೆ ಟ್ರಸ್ಟಿಗಳು ಅದರಿಂದ ಒಂದು ಲಕ್ಷ ತೆಗೆದು ಅರ್ಜಿದಾರರ ಕೈಗೆ ಕೊಟ್ಟ ಗಳಿಗೆಯಲ್ಲೇ ಅದು ದಿವಾಳಿಯಾದವನು ಸಾಲದ ಹೊಣೆಯಿಂದ ಬಿಡುಗಡೆ ಪಡೆಯುವ ಮೊದಲು ಗಳಿಸಿದ ಆಸ್ತಿಯಾಗಿ, 28ನೇ ಕಲಮಿನ 4ನೇ ಉಪಕಲಮಿನಂತೆ ರಿಸೀವರಿಗೆ ಸೇರುತ್ತದೆ. ಅರ್ಜಿದಾರರ ಮಗಳು ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಳು. ಅವಳೂ ವಂಶಸ್ಥಳಾದ್ದರಿಂದ ತಾನೇ ಸ್ವತಂತ್ರ ಫಲಾನುಭವಿ. ಟ್ರಸ್ಟಿಗಳು ಸಭೆ ಸೇರಿ, ನಿರ್ಣಯ ಬರೆದು, ಶುಲ್ಕವನ್ನು ನೇರವಾಗಿ ಕಾಲೇಜಿಗೆ ಕಟ್ಟಿದರು. ತಂದೆಯ ಖಾತೆಯ ಮೂಲಕ ಹಣ ಹಾದುಹೋಗಲಿಲ್ಲ. ಹಿಂದಿನ ವರ್ಷಗಳಲ್ಲೂ ಮೊಮ್ಮಕ್ಕಳ ಶುಲ್ಕ ಹೀಗೆಯೇ ಸಂದಾಯವಾಗಿತ್ತು ಎಂಬ ದಾಖಲೆ ಇದ್ದದ್ದು ದೊಡ್ಡ ಆಧಾರವಾಯಿತು. ಅರ್ಜಿ ಹಾಕಿದ ಮೇಲೆ ದಿಢೀರನೆ ಶುರುವಾದ ಔದಾರ್ಯವಾಗಿದ್ದರೆ ಸಾಲ ಕೊಟ್ಟವರು ಅದನ್ನು ಅನುಮಾನದಿಂದ ನೋಡುವುದು ಸಹಜವಿತ್ತು.

ಮೂಲ ಆಸ್ತಿಯಾದ ಗೋದಾಮುಗಳನ್ನು ಮಾರಿಸಬೇಕೆಂದು ಒಬ್ಬ ಕೈಗಡ ಕೊಟ್ಟವರು ಬಹಳ ಒತ್ತಾಯಿಸಿದರು. ಅದು ಸಾಧ್ಯವಿರಲಿಲ್ಲ. ರಿಸೀವರ್ ದಿವಾಳಿಯಾದವನ ಹೆಜ್ಜೆಯಲ್ಲೇ ನಿಲ್ಲುತ್ತಾರೆ; ಅವನಿಗೆ ಇದ್ದದ್ದು ಜೀವಮಾನದ ಆದಾಯದ ಹಕ್ಕು, ಮೂಲ ಆಸ್ತಿ ಮೊಮ್ಮಕ್ಕಳದು.

ಟ್ರಸ್ಟಿಗಳ ಇಕ್ಕಟ್ಟಿನ ಬಗ್ಗೆಯೂ ಒಂದು ಮಾತು ಹೇಳಬೇಕು. ನ್ಯಾಯಾಲಯದ ನೋಟಿಸು ಬಂದ ಮೇಲೆ ಅಣ್ಣನವರು ಮುಂದಿನ ಕಂತನ್ನು ಎಂದಿನಂತೆ ತಮ್ಮನ ಖಾತೆಗೆ ಹಾಕಲು ಚೆಕ್ ಬರೆದಿದ್ದರು. ಲೆಕ್ಕಪರಿಶೋಧಕರಾದ ಟ್ರಸ್ಟಿ ಸಹಿ ಹಾಕಲು ಒಪ್ಪಲಿಲ್ಲ. ಅವರು ಮಾಡಿದ್ದು ಸರಿ. ಹಕ್ಕು ರಿಸೀವರ್ ವಶವಾದದ್ದು ಗೊತ್ತಿದ್ದೂ ಹಳೆಯ ಫಲಾನುಭವಿಗೆ ಕೊಟ್ಟರೆ, ಟ್ರಸ್ಟಿಗಳು ಅದೇ ಮೊತ್ತವನ್ನು ತಮ್ಮ ಕೈಯಿಂದ ಮತ್ತೊಮ್ಮೆ ತುಂಬಿಕೊಡಬೇಕಾದ ಅಪಾಯವಿರುತ್ತದೆ. ಆ ಕಂತು ರಿಸೀವರಿಗೆ ಹೋಯಿತು, ಮತ್ತು ಅಣ್ಣತಮ್ಮಂದಿರು ಎರಡು ತಿಂಗಳು ಮಾತು ಬಿಟ್ಟರು. ಡಿಕ್ರಿ ಪಡೆದಿದ್ದ ಅಡತಿ ಅಂಗಡಿಯವರಿಗೂ ಇದೇ ಕಾರಣಕ್ಕೆ ನಿರಾಸೆಯಾಯಿತು. 51ನೇ ಕಲಮಿನಂತೆ, ಅರ್ಜಿ ಅಂಗೀಕಾರವಾಗುವ ಮೊದಲು ವಸೂಲಾದ ಹಣವಷ್ಟೇ ಡಿಕ್ರಿದಾರನಿಗೆ ದಕ್ಕುತ್ತದೆ. ಮೊದಲು ಓಡಿಬಂದವನು ಎಲ್ಲವನ್ನೂ ಬಾಚಿಕೊಳ್ಳದೆ, ಮಿಲ್ಲಿನಲ್ಲಿ ಅರಳೆ ಹೊತ್ತ ಹಮಾಲನಿಗೂ ಪಾಲು ಉಳಿಯಬೇಕೆಂಬುದೇ ದಿವಾಳಿ ಕಾನೂನಿನ ಜೀವಾಳ ಎಂದು ನಾನು ನಂಬಿದ್ದೇನೆ.

ರಿಸೀವರ್ ಕೈಯಲ್ಲಿ ಈಗ ಎರಡು ದಾರಿಗಳಿದ್ದವು. ಅರ್ಜಿದಾರರ ಜೀವಮಾನದ ಹಕ್ಕನ್ನು ಹರಾಜಿಗಿಡುವುದು, ಇಲ್ಲವೇ ಕಂತುಕಂತಾಗಿ ವಸೂಲು ಮಾಡಿ ಹಂಚುವುದು. ಒಬ್ಬ ಮನುಷ್ಯನ ಆಯುಷ್ಯದ ಮೇಲೆ ನಿಂತ ಹಕ್ಕಿಗೆ ಗಂಜ್‌ನಲ್ಲಿ ಯಾರು ಬೆಲೆ ಕಟ್ಟಿಯಾರು? ಕಂತಿನ ದಾರಿ ಹಿಡಿದರೆ ಬಿಡುಗಡೆಯ ಪ್ರಶ್ನೆ ಬರುತ್ತದೆ. 42ನೇ ಕಲಮಿನಂತೆ, ಭದ್ರತೆಯಿಲ್ಲದ ಸಾಲಕ್ಕೆ ರೂಪಾಯಿಗೆ ಎಂಟಾಣೆಯಷ್ಟೂ ಆಸ್ತಿಯಿಲ್ಲದಿದ್ದರೆ, ಅದಕ್ಕೆ ತಾನು ಹೊಣೆಯಲ್ಲವೆಂದು ತೋರಿಸದ ಹೊರತು, ಷರತ್ತಿಲ್ಲದ ಬಿಡುಗಡೆ ಸಿಗುವುದಿಲ್ಲ. ಹತ್ತಿ ದರದ ಕುಸಿತವನ್ನು ತೋರಿಸಿ ಆ ಮಾತನ್ನು ಎದುರಿಸಬಹುದಿತ್ತು. ಎದುರಿಸಲಾಗದ್ದು ಅದೇ ಕಲಮಿನ ಮುಂದಿನ ಮಾತು: ಹಿಂದಿನ ಮೂರು ವರ್ಷಗಳ ವ್ಯಾಪಾರದ ಲೆಕ್ಕವನ್ನು ಸರಿಯಾಗಿ ಇಟ್ಟಿರಬೇಕು. 44 ಲಕ್ಷದ ಕೈಗಡದಲ್ಲಿ ಬಹುಪಾಲು ಚೀಟಿಯ ಮೇಲೆ ಬರೆದದ್ದು. ಕೆಲವಕ್ಕೆ ಪ್ರಾಮಿಸರಿ ನೋಟು, ಕೆಲವಕ್ಕೆ ಬರೀ ಬಾಯಿಮಾತು. ನಂಬಿಕೆಯ ಮೇಲೆ ನಡೆಯುವ ವ್ಯಾಪಾರದ ಸೊಬಗನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಆ ನಂಬಿಕೆಯನ್ನು ನ್ಯಾಯಾಲಯದಲ್ಲಿ ಸಾಬೀತುಪಡಿಸಬೇಕಾದ ದಿನ ಸಾಲ ಕೊಟ್ಟವನೂ ಪಡೆದವನೂ ಒಟ್ಟಿಗೇ ಬರಿಗೈಯಾಗುತ್ತಾರೆ.

ಹೀಗಾಗಿ 38ನೇ ಕಲಮಿನ ರಾಜಿ ಯೋಜನೆಯ ದಾರಿ ಹಿಡಿಯಲಾಯಿತು. ತಮ್ಮ ಸಾಲ ಸಾಬೀತಾದ, ಸಭೆಗೆ ಹಾಜರಿದ್ದ ಸಾಲ ಕೊಟ್ಟವರ ಪೈಕಿ ಸಂಖ್ಯೆಯಲ್ಲಿ ಬಹುಮತವೂ, ಮೊತ್ತದಲ್ಲಿ ನಾಲ್ಕನೇ ಮೂರು ಭಾಗವೂ ಒಪ್ಪಿ, ನ್ಯಾಯಾಲಯವೂ ಒಪ್ಪಿದರೆ ಯೋಜನೆ ಎಲ್ಲರ ಮೇಲೂ ಬದ್ಧ. ಮೊದಲ ಕರಡಿನಲ್ಲಿ ನಿವೇಶನದ 18 ಲಕ್ಷದಿಂದ ಕಾರ್ಮಿಕರ 2 ಲಕ್ಷ ಕೂಲಿಯನ್ನು ಪೂರ್ತಿ ತೀರಿಸಿ, ಉಳಿದ 16 ಲಕ್ಷದ ಜೊತೆಗೆ ಟ್ರಸ್ಟಿನ ಆದಾಯದಿಂದ ವರ್ಷಕ್ಕೆ 6 ಲಕ್ಷದಂತೆ ಐದು ವರ್ಷ ಕೊಡುವುದಾಗಿ ಬರೆದಿದ್ದರು. 1 ಕೋಟಿ 50 ಲಕ್ಷಕ್ಕೆ 46 ಲಕ್ಷ, ಅಂದರೆ ರೂಪಾಯಿಗೆ 30 ಪೈಸೆಗಿಂತ ತುಸು ಹೆಚ್ಚು. ಇದು ನಿಲ್ಲುತ್ತಿರಲಿಲ್ಲ. ಬಿಡುಗಡೆಗೆ ಅಡ್ಡಿಯಾಗುವಂಥ ಸಂಗತಿ ಸಾಬೀತಾದರೆ, ರೂಪಾಯಿಗೆ ಕನಿಷ್ಠ ಆರಾಣೆಗೆ, ಎಂದರೆ ಮೂವತ್ತೇಳೂವರೆ ಪೈಸೆಗೆ, ತಕ್ಕ ಭದ್ರತೆ ಇಲ್ಲದ ಯೋಜನೆಯನ್ನು ನ್ಯಾಯಾಲಯ ಒಪ್ಪುವಂತಿಲ್ಲ. ಲೆಕ್ಕದ ಪುಸ್ತಕಗಳ ಕೊರತೆ ಅಂಥ ಸಂಗತಿಯೇ. ಅವಧಿಯನ್ನು ಏಳು ವರ್ಷಕ್ಕೆ ಹೆಚ್ಚಿಸಿದಾಗ ಮೊತ್ತ 58 ಲಕ್ಷವಾಗಿ, ರೂಪಾಯಿಗೆ 38 ಪೈಸೆ ದಾಟಿತು.

ಕೂಲಿಯ ವಿಷಯದಲ್ಲಿ ಅರ್ಜಿದಾರರ ಪಟ್ಟನ್ನು ಇಲ್ಲಿ ಮೆಚ್ಚಿಕೊಳ್ಳಲೇಬೇಕು. 61ನೇ ಕಲಮು ಕಾರ್ಮಿಕರ ನಾಲ್ಕು ತಿಂಗಳ ಕೂಲಿಗೆ ಆದ್ಯತೆ ಕೊಡುತ್ತದಾದರೂ 1920ರ ಮೂಲ ಪಠ್ಯದಲ್ಲಿ ಅದರ ಮಿತಿ ತಲಾ ಇಪ್ಪತ್ತು ರೂಪಾಯಿ. ಆ ಮಿತಿಯನ್ನು ಹಿಡಿದು ಕೂರದೆ ಪೂರ್ತಿ ಕೂಲಿಯನ್ನು ಮೊದಲು ಕೊಡಬೇಕೆಂದು ಅವರು ಕೇಳಿಕೊಂಡರು. ಸಭೆಯಲ್ಲಿ ಯಾರೂ ಬೇಡವೆನ್ನಲಿಲ್ಲ.

ಒಪ್ಪಿಗೆಯ ಕೀಲಿ ಬ್ಯಾಂಕಿನ ಕೈಯಲ್ಲಿತ್ತು. ಅದರ 48 ಲಕ್ಷ ಒಟ್ಟು ಮೊತ್ತದ ನಾಲ್ಕನೇ ಒಂದಕ್ಕಿಂತ ಹೆಚ್ಚು, ಆದ್ದರಿಂದ ಬ್ಯಾಂಕ್ ಒಂದೇ ಬೇಡವೆಂದರೂ ಯೋಜನೆ ಬೀಳುತ್ತಿತ್ತು. ಬ್ಯಾಂಕಿನ ಆತಂಕ ಸಕಾರಣವಾಗಿತ್ತು: ಅರ್ಜಿದಾರರು ಏಳು ವರ್ಷದೊಳಗೆ ತೀರಿಕೊಂಡರೆ ಜೀವಮಾನದ ಹಕ್ಕೂ ಅಲ್ಲಿಗೇ ಮುಗಿಯುತ್ತದೆ, ಪಾಲು ಮೊಮ್ಮಕ್ಕಳಿಗೆ ಹೋಗುತ್ತದೆ, ಉಳಿದ ಕಂತುಗಳಿಗೆ ಆಧಾರವಿರುವುದಿಲ್ಲ. ಇದಕ್ಕಾಗಿ ಏಳು ವರ್ಷದ ಅವಧಿ ವಿಮೆ ಮಾಡಿಸಿ ಅದನ್ನು ಯೋಜನೆಯ ಪರವಾಗಿ ವಹಿಸಿಕೊಡಲಾಯಿತು. ಪ್ರೀಮಿಯಂ ಕಟ್ಟುವ ಹೊಣೆಯನ್ನು ಅಕ್ಕ ಹೊತ್ತರು. ತ್ರೈಮಾಸಿಕ ಕಂತಿನಲ್ಲಿ 1 ಲಕ್ಷ 50 ಸಾವಿರವನ್ನು ನೇರವಾಗಿ ಸಾಲ ಕೊಟ್ಟವರ ಖಾತೆಗೆ ಸಲ್ಲಿಸುವುದಾಗಿ ಮೂವರು ಟ್ರಸ್ಟಿಗಳೂ ನ್ಯಾಯಾಲಯಕ್ಕೆ ಮುಚ್ಚಳಿಕೆ ಬರೆದುಕೊಟ್ಟರು. ಉಳಿದ 62,500ರಲ್ಲಿ ತೆರಿಗೆ ಇದ್ದರೆ ಅದನ್ನು ಕಳೆದು ಮಿಕ್ಕದ್ದು ಮನೆ ಖರ್ಚಿಗೆ. ಅರ್ಜಿದಾರರು ಈಗ ಬೇರೊಬ್ಬರ ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿಯ ದರ್ಜೆ ನೋಡುವ ಕೆಲಸಕ್ಕೆ ಹೋಗುತ್ತಾರೆ.

ಸಭೆಯಲ್ಲಿ ವಿರೋಧಿಸಿದವರು ನಾಲ್ಕು ಜನ, ನಾಲ್ವರೂ ಕೈಗಡ ಕೊಟ್ಟವರು. ಅವರಲ್ಲಿ ಒಬ್ಬರು ಮಗಳ ಮದುವೆಗೆಂದು ಕೂಡಿಟ್ಟಿದ್ದ ಹಣವನ್ನು ಕೊಟ್ಟಿದ್ದ ನಿವೃತ್ತ ಶಿಕ್ಷಕರು. ರೂಪಾಯಿಗೆ 38 ಪೈಸೆ, ಅದೂ ಏಳು ವರ್ಷದಲ್ಲಿ ಎಂಬ ಲೆಕ್ಕ ಕಾನೂನಿಗೆ ಸರಿಹೊಂದಿದರೂ ಅವರಿಗೆ ಸರಿಹೊಂದಲಿಲ್ಲ, ಮತ್ತು ಅವರ ಮುಂದೆ ಯಾವ ಕಲಮನ್ನೂ ಎತ್ತಿ ಹೇಳಲು ನನಗೆ ಮನಸ್ಸಾಗಲಿಲ್ಲ.

ನ್ಯಾಯಾಲಯ ಯೋಜನೆಯನ್ನು ಒಪ್ಪಿ ದಿವಾಳಿ ಘೋಷಣೆಯನ್ನು ತೆರವು ಮಾಡಿದೆ. ಒಂದು ಕಂತು ತಪ್ಪಿದರೂ 40ನೇ ಕಲಮಿನಂತೆ ಯೋಜನೆಯನ್ನು ರದ್ದುಪಡಿಸಿ ಮತ್ತೆ ದಿವಾಳಿಯೆಂದು ಘೋಷಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಆದ್ದರಿಂದ ಗೋದಾಮೊಂದು ಖಾಲಿಯಾದರೆ ಹೊಸ ಬಾಡಿಗೆದಾರನನ್ನು ಹುಡುಕುವ ಕೆಲಸಕ್ಕೆ ಈಗ ಅಣ್ಣತಮ್ಮಂದಿರಿಬ್ಬರೂ ಒಟ್ಟಿಗೇ ಹೋಗುತ್ತಾರೆ. ಹಿಂದಿನ ತ್ರೈಮಾಸಿಕದಲ್ಲಿ ಮೂರನೇ ಗೋದಾಮು ಒಂದು ತಿಂಗಳು ಖಾಲಿ ಬಿದ್ದು ಬಾಡಿಗೆ ಕಡಿಮೆಯಾದಾಗ, ಸಾಲದ ಕಂತು 1 ಲಕ್ಷ 50 ಸಾವಿರ ಪೂರ್ತಿ ಸಂದಾಯವಾಯಿತು. ಕಡಿತವಾದದ್ದು ಮನೆ ಖರ್ಚಿನ ಪಾಲಿನಲ್ಲಿ.